ಆರುನೂರ ಹದಿಮೂರನೆಯ ಸಾಲು

ಕಾಲೇಜಿನ ರೇಡಿಯೋ ಪ್ರಯೋಗಾಲಯದಲ್ಲಿ ಮೂವತ್ತಮೂರು ವರ್ಷ ಕಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ, ಎಲ್ಲರೂ ಸಿಗ್ನಲ್ ಮೇಷ್ಟ್ರು ಎಂದೇ ಕರೆಯುವ ಈ ಹಿರಿಯರು ಪುಸ್ತಕ ಬರೆದವರಲ್ಲ, ವೇದಿಕೆ ಹತ್ತಿದವರೂ ಅಲ್ಲ. ಆದರೆ ಎಂದೂ ಮುಖ ಕಾಣದವರೊಡನೆ ತರಂಗಗಳ ಮೂಲಕ ಮಾತಾಡುವ ಹವ್ಯಾಸಿ ರೇಡಿಯೋ ಎಂಬ ಕ್ಷೇತ್ರದಲ್ಲಿ, ಅವರ ಕೈಯಲ್ಲಿ ಪಳಗಿ ಪರವಾನಗಿ ಪಡೆದವರು ಇನ್ನೂರಕ್ಕೂ ಹೆಚ್ಚು.

ಸೇವೆಗೆ ಸೇರಿದಾಗ ಅವರಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಕೋಣೆ, ಗಾಜು ಒಡೆದ ಎರಡು ಮೀಟರು. ತಂತಿ ಬೆಸೆಯುವುದಕ್ಕೂ ಮೊದಲು ಅವರು ಕಲಿಸುತ್ತಿದ್ದುದು ದಾಖಲೆ ಬರೆಯುವುದನ್ನು: ಯಾರೊಡನೆ, ಎಷ್ಟು ಗಂಟೆಗೆ, ಯಾವ ಕರೆಸಂಕೇತದಲ್ಲಿ, ಅಂದರೆ ಪರವಾನಗಿಯೊಡನೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಸಿಗುವ ಗುರುತಿನ ಅಕ್ಷರಗಳಲ್ಲಿ. ತಪ್ಪಾದರೆ ಅಳಿಸುವಂತಿಲ್ಲ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಈ ಲೇಖಕಿ ಮತ್ತು ಮುಂದೆ ಆಕೆಯ ಗಂಡನಾದವನು ಒಂದೇ ಬೆಂಚಿನಲ್ಲಿ ಕೂತು ಇದನ್ನು ಕಲಿತರು. ಅವನಿಗೆ ಮೇಷ್ಟ್ರು ಇಟ್ಟ ಹೆಸರು ವಟವಟ. "ಲೋ ವಟವಟ, ಆ ಕಡೆಯವ್ನಿಗೂ ಬಾಯಿದೆ ಕಣೋ, ಸ್ವಲ್ಪ ಬಿಡು" ಎಂದು ಅವರು ಗದರಿದರೆ ಕೋಣೆಯೆಲ್ಲ ನಗುತ್ತಿತ್ತು.

ವಟವಟ ತೀರಿಕೊಂಡು ಹತ್ತು ತಿಂಗಳಾದ ಮೇಲೆ ಆಕೆ ಅವನ ಹಳೆಯ ಪುಟ್ಟ ಕಂಪ್ಯೂಟರನ್ನು ಟವೆಲಿನಲ್ಲಿ ಸುತ್ತಿ ತಂದು ಮೇಷ್ಟ್ರ ಮೇಜಿನ ಮೇಲಿಟ್ಟಳು.

"ಇದೇನಮ್ಮಾ, ಕಂಪ್ಯೂಟರೋ ಊಟದ ಡಬ್ಬಿಯೋ?"

"ಆನ್ ಮಾಡಿದ್ರೆ ಅರ್ಧಕ್ಕೇ ನಿಂತ್ಬಿಡುತ್ತೆ ಸರ್. ಅವ್ರು ಯಾರ್ಯಾರ ಜೊತೆ ಮಾತಾಡಿದ್ರೋ ಎಲ್ಲಾ ಇದ್ರಲ್ಲೇ ಇದೆ. ಅದೊಂದು ಉಳಿದ್ರೆ ಸಾಕು."

ಆ ಆರುನೂರ ಹನ್ನೆರಡು ಸಂಪರ್ಕಗಳ ಪಟ್ಟಿಗೆ ಇನ್ನೊಂದು ಪ್ರತಿ ಇರಲಿಲ್ಲ. ಹಗುರವಾದ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಬೇಕಾದರೆ ಡಿಸ್ಕನ್ನು ಪೂರ್ತಿ ಅಳಿಸಬೇಕಿತ್ತು. ಮೇಷ್ಟ್ರು ಡಿಸ್ಕನ್ನು ಬಿಚ್ಚಿ ಲ್ಯಾಬಿನ ಕಂಪ್ಯೂಟರಿಗೆ ಜೋಡಿಸಿ, ಪಟ್ಟಿಯನ್ನು ಪೆನ್‌ಡ್ರೈವಿಗೆ ತೆಗೆದುಕೊಂಡರು. ಅದನ್ನೂ ನಂಬದೆ, ನಾಲ್ಕು ಮಧ್ಯಾಹ್ನ ಕೂತು ಅಷ್ಟೂ ಸಾಲುಗಳನ್ನು ಕೈಯಾರೆ ರಿಜಿಸ್ಟರಿಗೆ ಇಳಿಸಿದರು. ಆಕೆ ಓದುತ್ತಾ ಹೋದಳು, ಅವರು ಬರೆಯುತ್ತಾ ಹೋದರು. ಹತ್ತು ತಿಂಗಳಲ್ಲಿ ಆಕೆ ಅಷ್ಟು ಹೊತ್ತು ಬಾಯಿಬಿಟ್ಟಿದ್ದು ಅದೇ ಮೊದಲು.

ಆಮೇಲೆ ಡಿಸ್ಕ್ ಅಳಿಸಿದರು. ಕರೆಗಳನ್ನು ಅಕ್ಷರಗಳಲ್ಲಿ ಕಳಿಸಿ ಪರದೆಗೆ ಇಳಿಸುವ ರೇಡಿಯೋ ತಂತ್ರಾಂಶ ಹಾಕಿದ ಮೇಲೂ ಎರಡು ದಿನ ಪರದೆ ಖಾಲಿ. ಒಳಗಿನ ಬಿಲ್ಲೆ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದಿತ್ತು. ಎರಡೂ ಕಡೆಯ ಗಡಿಯಾರ ಹೊಂದಿದರಷ್ಟೇ ಕೆಲಸ ಮಾಡುವ ಆ ತಂತ್ರಾಂಶಕ್ಕೆ ನಾಲ್ಕು ಸೆಕೆಂಡು ತಪ್ಪಿದರೂ ಏನೂ ಕೇಳಿಸದು. ಬ್ಯಾಟರಿ ಬದಲಿಸಿ ಸಮಯ ಸರಿಪಡಿಸಿದೊಡನೆ ದೂರದೂರದ ಕರೆಗಳು ಸಾಲುಸಾಲಾಗಿ ಪರದೆಗೆ ಇಳಿಯತೊಡಗಿದವು.

ಪರೀಕ್ಷೆಗೆಂದು ಮೇಷ್ಟ್ರು ಒಂದು ಕರೆ ಕಳಿಸಿದರು. ಅದು ಹೋಗಿ ಮುಗಿದ ಮೇಲೆ ಆಕೆ ಹೇಳಿದಳು, "ಸರ್, ಅದು ಅವ್ರ ಸಂಕೇತ."

ವಟವಟನಿಗೆ ಎಷ್ಟೋ ಸಲ ಇದೇ ತಂತ್ರಾಂಶ ಹಾಕಿಕೊಟ್ಟಿದ್ದ ಕೈ, ಕರೆಸಂಕೇತ ಕೇಳಿದ ಜಾಗದಲ್ಲಿ ತಾನಾಗಿ ಅವನದನ್ನೇ ತುಂಬಿಬಿಟ್ಟಿತ್ತು. ಸತ್ತವರ ಸಂಕೇತದಲ್ಲಿ ಯಾರೂ ಕರೆಯಬಾರದೆಂದು ಇನ್ನೂರು ಮಂದಿಗೆ ಕಲಿಸಿದ ಕೈ.

ಅಷ್ಟರಲ್ಲಿ ಉತ್ತರ ಬಂತು. ಎಲ್ಲಿಂದಲೋ ಯಾರೋ ಅವನನ್ನು ಕರೆಯುತ್ತಿದ್ದರು.

"ಉತ್ತರ ಕೊಡ್ಲಾ ಸರ್?"

"ಬೇಡಮ್ಮಾ. ಅವ್ನಿಲ್ವಲ್ಲ."

ಅರ್ಧ ನಿಮಿಷಕ್ಕೊಮ್ಮೆಯಂತೆ ನಾಲ್ಕು ಸಲ ಆ ಕರೆ ಬಂತು. ಇಬ್ಬರೂ ನೋಡುತ್ತಾ ಕೂತಿದ್ದರು. ಆಮೇಲೆ ಅದು ನಿಂತಿತು.

ಮೇಷ್ಟ್ರು ರಿಜಿಸ್ಟರ್ ತೆರೆದು, ಆರುನೂರ ಹದಿಮೂರನೆಯ ಸಾಲಿನಲ್ಲಿ ದಿನ, ಗಂಟೆ, ಅವನ ಸಂಕೇತ ಬರೆದು, ಮೇಲೊಂದು ಗೆರೆ ಎಳೆದು, 'ತಪ್ಪು ಕರೆ, ಹೊಣೆ ನನ್ನದು' ಎಂದು ಸಹಿ ಹಾಕಿದರು. ತಮ್ಮ ಸ್ವಂತ ದಾಖಲೆಯಲ್ಲಿ ಅವರಿಗೆ ಹಾಗೆ ಗೆರೆ ಎಳೆಯುವ ಪ್ರಸಂಗ ಎಂದೂ ಬಂದಿರಲಿಲ್ಲ.

"ಅವ್ನ ಪುಸ್ತಕ ಇಲ್ಲಿಗೆ ಮುಗೀತು ಕಣಮ್ಮಾ" ಎಂದು ಅದನ್ನು ಆಕೆಯ ಕೈಗಿತ್ತು, ಕಂಪ್ಯೂಟರಿನಲ್ಲಿ ಸಂಕೇತದ ಜಾಗಕ್ಕೆ ಆಕೆಯದನ್ನು ತುಂಬಿದರು. ಆಕೆ ಆ ಸಂಕೇತ ಪಡೆದು ಆರು ವರ್ಷವಾಗಿತ್ತು. ಒಮ್ಮೆಯೂ ಬಳಸಿರಲಿಲ್ಲ, ಮನೆಯಲ್ಲಿ ಮಾತೆಲ್ಲ ಅವನದೇ ಆಗಿತ್ತು.

ಈಗಲೂ ಬಳಸಿಲ್ಲ. ನಿವೃತ್ತಿಯ ನಂತರ ದಿನಾ ಸಂಜೆ ಆರಕ್ಕೆ ಮನೆಯಲ್ಲಿ ರೇಡಿಯೋ ಹಚ್ಚಿಕೊಂಡು ಕೂತಿರುತ್ತೇನೆಂದು ಮೇಷ್ಟ್ರು ಹೇಳಿದ್ದಾರೆ. "ಅವಸರ ಇಲ್ಲಮ್ಮಾ. ನಾನೆಲ್ಲಿ ಹೋಗ್ತೀನಿ?"

ಅವರ ಆಯುಸ್ಸು ನೂರಾಗಲಿ, ಕಣ್ಣು ಕಿವಿ ಗಟ್ಟಿಯಾಗಿರಲಿ, ಸಂಜೆ ಆರರ ಆ ಕಾಯುವ ಕೆಲಸ ಬಹುಕಾಲ ನಡೆಯಲಿ. ಆಕೆಗೆ ಇನ್ನೂ ಸಮಯ ಬೇಕು.