ಮೂರು ದಿನ ಕೇಳಬಾರದು

ಮೂರು ದಿನದಿಂದ ನನ್ನ ಮನೆಯೆಲ್ಲ ಏಲಕ್ಕಿ ವಾಸನೆ. ಪಾಯಸ ಇರಬಹುದೆಂದು ಆಸೆಪಡಬೇಡಿ, ಅಷ್ಟು ಯೋಗ್ಯತೆ ನನಗಿಲ್ಲ. ರಶೀದ್ ಅಂಕಲ್ ಬಂದಿದ್ದಾರೆ. ಅಮೆರಿಕದ ಆಶ್‌ಬರ್ನ್ ಊರಿನ ನನ್ನ ಅಡುಗೆಮನೆಯಲ್ಲಿ ನಿಂತು ಹಾಲಿಲ್ಲದ, ಸಕ್ಕರೆಯಿಲ್ಲದ, ಕಾಫಿ ಎಂದು ಕರೆಯಲು ಮೈಸೂರಿನ ನಾಲಿಗೆ ಹಿಂಜರಿಯುವಂಥ ಹಳದಿ ಕಾಫಿ ಕುದಿಸುತ್ತಿದ್ದಾರೆ. ದೂರದ ಜಾನ್ಸ್ ಕ್ರೀಕ್ ಊರಿನ ಮಗಳ ಮನೆಯಿಂದ ಎಪ್ಪತ್ತೆರಡರ ಮನುಷ್ಯ ಒಬ್ಬರೇ ರೈಲು ಹತ್ತಿ, ಆಮೇಲೆ ಮೆಟ್ರೋ ಹತ್ತಿ, ಒಂದು ಬ್ಯಾಗ್ ಹಿಡಿದು ಬಂದಿಳಿದಿದ್ದಾರೆ. ಯಾಕೆ? ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡಿರುವುದು ಹೇಗೆಂದೇ ಕಲಿಯದ ನಾನು ಮೂರು ದಿನ ಮುಚ್ಚಿಕೊಂಡಿದ್ದೆ. ಅದಕ್ಕೊಂದು ಕಾರಣವಿದೆ.

ನಾನು ಮಿಮಿಕ್ರಿಯವನು. ಹೊಟ್ಟೆಪಾಡಿಗೆ ಕಂಪ್ಯೂಟರು, ಉಳಿದ ಹೊತ್ತೆಲ್ಲ ಬೇರೆಯವರ ಗಂಟಲು. ಮೊದಲು ಏಪೆಕ್ಸ್ ಊರಿನಲ್ಲಿದ್ದಾಗ, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ ನಾನಿಲ್ಲದೆ ಆಗುತ್ತಿರಲಿಲ್ಲ. ನಾನು ತಂದ ಚಿತ್ರಾನ್ನವನ್ನು ಯಾರೂ ಮುಟ್ಟುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ತಟ್ಟೆಗೆ ಅನ್ನ ಬೀಳುವ ಮೊದಲೇ "ಯಾವ ಕಂಪನಿ? ಯಾವ ವೀಸಾ? ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿದ್ಯಾ?" ಎನ್ನುವ ಆಂಟಿಯನ್ನು ಮಾಡುತ್ತಿದ್ದೆ. ಮ್ಯಾನೇಜರ್ ಫೋನ್ ಬಂದೊಡನೆ ಅಮೆರಿಕನ್ ಆಗಿಬಿಡುವ ನನ್ನನ್ನೇ ಮಾಡುತ್ತಿದ್ದೆ. ಆದರೆ ಒನ್ಸ್ ಮೋರ್ ಬೀಳುತ್ತಿದ್ದುದು ಎದುರುಮನೆಯ ರಶೀದ್ ಅಂಕಲ್‌ಗೆ. ಅಂಗೈಯನ್ನು ಹುಬ್ಬಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಮೈಲಿ ದೂರದಲ್ಲಿ ಏನನ್ನೋ ನೋಡುತ್ತ, ಒಣಗಿದ ದನಿಯಲ್ಲಿ "ಮರಳಲ್ಲಿ ಹಾಗಲ್ಲ ಮಗಾ..." ಅಂದರೆ ಸಾಕು, ಅವರ ಸ್ವಂತ ಮಗಳು ಸಬಿಹಾ ಅಕ್ಕನೇ ನಕ್ಕೂ ನಕ್ಕೂ ಸೋಫಾ ಹಿಡಿದುಕೊಳ್ಳುತ್ತಿದ್ದಳು. ಇದೆಲ್ಲ ಅಂಕಲ್ ಎದುರಿಗಿಲ್ಲದಾಗ, ಮತ್ತೆ. ನನಗೂ ಸ್ವಲ್ಪ ಭಯಭಕ್ತಿ ಇದೆ.

ಅಂಕಲ್ ಮೈಸೂರಿನ ಮಂಡಿ ಮೊಹಲ್ಲಾದವರು. ಒಮಾನಿನ ಮರುಭೂಮಿಯಲ್ಲಿ ಮೂವತ್ತೈದು ವರ್ಷ ನೀರಿನ ಟ್ಯಾಂಕರ್ ಓಡಿಸಿದವರು. ಯಾವ ಬಾವಿ ಬತ್ತಿದೆ, ಯಾವ ಡೇರೆಯಲ್ಲಿ ಎಷ್ಟು ಆಡು ಎಂದು ಈಗಲೂ ಹೇಳಬಲ್ಲರು. ಏಪೆಕ್ಸಿನ ಪೈನ್ ಮರಗಳ ಮೇಲೆ ಅವರಿಗೆ ವೈಯಕ್ತಿಕ ಕೋಪ. "ಏನೋ ಇದು, ಆಕಾಶಾನ ತುಂಡು ತುಂಡು ಮಾಡಿ ಕೊಡ್ತಾರೆ!" ಎಲ್ಲರೂ ಕಾಡಿನ ಟ್ರೇಲ್‌ನಲ್ಲಿ ವಾಕಿಂಗ್ ಹೋದರೆ ಇವರು ಅಂಗಡಿಗಳ ಮುಂದಿನ ಖಾಲಿ ಪಾರ್ಕಿಂಗ್ ಲಾಟಿಗೆ ಹೋಗುತ್ತಿದ್ದರು. ಅಲ್ಲೊಂದೇ ಕಡೆ ಅವರ ಕಣ್ಣಿಗೆ ಓಡಾಡಲು ಜಾಗವಿತ್ತು. ಬರುವಾಗ ಯಾರದೋ ಹಿತ್ತಲ ನಲ್ಲಿ ತೊಟ್ಟಿಕ್ಕುವುದು ಕಂಡರೆ ಹೋಗಿ ತಿರುಗಿಸಿ ಬರುವುದು ಬೇರೆ. ಪೊಲೀಸರನ್ನು ಯಾರೂ ಕರೆಯದಿದ್ದದ್ದು ನಮ್ಮ ಪುಣ್ಯ.

ನಾಗರಿಕತೆ ಹುಟ್ಟಿದ್ದು ನದಿ ದಡದಲ್ಲಿ ಎಂದು ಶಾಲೆಯಲ್ಲಿ ಓದಿದ್ದನ್ನು ಒಮ್ಮೆ ಒಪ್ಪಿಸಿದೆ. ಅಂಕಲ್ ಕೈ ಹುಬ್ಬಿಗೆ ಹೋಯಿತು.

"ನದಿ ಪಕ್ಕ ಊರು ಹುಟ್ತು, ಸರಿ. ಅತಿಥಿ ಹುಟ್ಟಿದ್ದು ಮರಳಲ್ಲಿ. ಅಲ್ಲಿ ಮನುಷ್ಯ ಅರ್ಧ ಗಂಟೆ ಮೊದಲೇ ಚುಕ್ಕಿ ಥರ ಕಾಣಿಸ್ತಾನೆ. ಹತ್ರ ಬರೋಷ್ಟರಲ್ಲಿ ಕಾಫಿ ಕುದ್ದಿರುತ್ತೆ. ಯಾರು ನೀನು ಅಂತ ಮೊದಲೇ ಕೇಳಿದ್ರೆ? ನಮಗಾಗದವನು ಅಂತ ಗೊತ್ತಾದ್ರೆ ನೀರು ಕೊಡೋಕೆ ಕೈ ಬರಲ್ಲ. ಕೊಡದಿದ್ರೆ ಸಾಯ್ತಾನೆ. ನಾಳೆ ಅವನ ಡೇರೆ ಮುಂದೆ ನಾನೇ ನಿಂತಿರ್ತೀನಿ. ಅದಕ್ಕೇ ಮೊದಲು ನೀರು, ಆಮೇಲೆ ಹೆಸರು. ಮೂರು ದಿನ ಏನೂ ಕೇಳೋ ಹಾಗಿಲ್ಲ."

ಮುಂದಿನ ಪಾಟ್‌ಲಕ್‌ನಲ್ಲಿ ಇದನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಡೋರ್‌ಬೆಲ್ ಕ್ಯಾಮೆರಾದಲ್ಲಿ ಮುಖ ನೋಡಿ ಮನೆಯಲ್ಲಿಲ್ಲದ ಹಾಗೆ ನಟಿಸುವ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕೋವಿಡ್ ಮುಗಿದು ಜನ ಮಾಸ್ಕ್ ತೆಗೆದ ಮೇಲೆ ಕಂಪನಿಗಳು ಜನರನ್ನು ತೆಗೆಯತೊಡಗಿದವು. ನನ್ನ ಸರದಿಗೆ ಹತ್ತು ನಿಮಿಷದ ಕಾಲ್ ಸಾಕಾಯಿತು. ವೀಸಾ ಲೆಕ್ಕದಲ್ಲಿ ಇನ್ನು ಅರವತ್ತು ದಿನ; ಅಷ್ಟರಲ್ಲಿ ಬೇರೆ ಕೆಲಸ, ಇಲ್ಲವೇ ದೇಶ ಬಿಡಬೇಕು. ಯಾರಿಗೆ ಹೇಳುವುದು? ನಾನು ಅಳುವ ಮುಖ ಮಾಡಿದರೆ ಎಲ್ಲರೂ ಅದು ಯಾರ ಮಿಮಿಕ್ರಿ ಎಂದು ಕೇಳುತ್ತಿದ್ದರು. ಸಬಿಹಾ ಅಕ್ಕನ ಸ್ಟೀಲ್ ಡಬ್ಬಿಯೊಂದು ನನ್ನಲ್ಲಿತ್ತು. ಅದನ್ನು ಕೊಡುವ ನೆಪದಲ್ಲಿ ರಸ್ತೆ ದಾಟಿದೆ.

ಬಾಗಿಲು ತೆರೆದ ಅಂಕಲ್ ನನ್ನ ಮುಖವನ್ನು ಒಂದೇ ಒಂದು ಸಲ ನೋಡಿದರು. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಕಾಫಿ ಕೊಟ್ಟರು. ಖಾಲಿಯಾಯಿತು, ಸುರಿದರು. ಮತ್ತೆ ಖಾಲಿ, ಮತ್ತೆ ಸುರಿದರು. ಬೇಡ ಅನ್ನಲು ಸಂಕೋಚ. ಒಂಬತ್ತು ಬಟ್ಟಲು ಕುಡಿದೆ. ಊಟ ಹಾಕಿದರು. ನನ್ನ ಮನೆ ಕಿಟಕಿಯಿಂದ ಕಾಣುತ್ತಿತ್ತು, ಆದರೂ ಹಾಸಿಗೆ ಹಾಸಿದರು. ಮೂರು ದಿನ ಆ ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅಷ್ಟು ದಿನ ಯಾರೂ ಏನೂ ಕೇಳದ ಜಾಗದಲ್ಲಿ ನಾನು ಹಿಂದೆಂದೂ ಇರಲಿಲ್ಲ.

ನಾಲ್ಕನೇ ಬೆಳಿಗ್ಗೆ, "ಈಗ ಹೇಳು ಮಗಾ" ಅಂದರು. ಹೇಳಿದೆ. ಬಂದ ದನಿ ಯಾರದ್ದೂ ಅಲ್ಲ, ನನ್ನದೇ. ಅದು ಹಾಗಿದೆ ಎಂದು ನನಗೇ ಮರೆತುಹೋಗಿತ್ತು. ಎಲ್ಲ ಕೇಳಿದ ಮೇಲೆ ಅಂಕಲ್ ಖಾಲಿ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಕುಲುಕಿದರು. "ಸಾಕು ಅನ್ನಿಸಿದ್ರೆ ಹೀಗೆ ಅಲ್ಲಾಡಿಸ್ಬೇಕು ಕಣೋ. ಅಲ್ಲಾಡಿಸೋವರೆಗೂ ನಾನು ಸುರೀಲೇಬೇಕು. ಒಂಬತ್ತು ಕುಡಿದ್ಯಲ್ಲೋ, ನನ್ನ ಏಲಕ್ಕಿ ಎಲ್ಲಾ ಖಾಲಿ!"

ಗಡುವು ಮುಗಿಯುವ ಮುಂಚೆ ಆಶ್‌ಬರ್ನಿನಲ್ಲಿ ಕೆಲಸ ಸಿಕ್ಕಿತು. ಅಂಕಲ್, ಸಬಿಹಾ ಅಕ್ಕ ಜಾನ್ಸ್ ಕ್ರೀಕಿಗೆ ಮನೆ ಬದಲಿಸಿದರು. ಆಮೇಲೆ ಎಷ್ಟೋ ಮನೆಗಳಲ್ಲಿ ಕಾಫಿ ಕುಡಿದೆ. ಎಲ್ಲರೂ ಮೊದಲು ಕೇಳಿ ಆಮೇಲೆ ಕೊಟ್ಟರು.

ಇವತ್ತು ನಾಲ್ಕನೇ ಬೆಳಿಗ್ಗೆ. ಇಷ್ಟು ಬರೆದಿಟ್ಟು ಅಡುಗೆಮನೆಗೆ ಹೋದೆ. ಪಾಟ್‌ಲಕ್ ಆಂಟಿಯ ದನಿಯಲ್ಲಿ ಕೇಳಿ ನಗಿಸೋಣವೆಂದುಕೊಂಡಿದ್ದೆ, ಆಗಲಿಲ್ಲ.

"ಈಗ ಹೇಳಿ ಅಂಕಲ್."

ಅವರು ಒಲೆ ಸಣ್ಣ ಮಾಡಿದರು. "ಹಾರ್ಟಿಗೆ ಸ್ಟೆಂಟ್ ಹಾಕಿ ವರ್ಷ ಆಯ್ತು. ಒಮಾನಿಗೆ ಹೋಗ್ಬಹುದು ಅಂತ ಡಾಕ್ಟರೇ ಹೇಳಿದ್ರು. ಮಗಳು ಬಿಡ್ತಿಲ್ಲ. ಒಂದೇ ಒಂದ್ಸಲ ಆ ಮರಳು ನೋಡ್ಬೇಕು ಕಣೋ."

"ನಾನೇ ಕರ್ಕೊಂಡು ಹೋಗ್ತಿದ್ದೆ. ಆದ್ರೆ ನನ್ನ ವೀಸಾ..."

"ಗೊತ್ತು. ನೀನು ಹೊರಗೆ ಹೋದ್ರೆ ವಾಪಸ್ ಬಿಡ್ತಾರೋ ಇಲ್ವೋ. ಕರೆಯೋಕೆ ಬಂದಿಲ್ಲ ನಾನು. ನನ್ನ ಥರ ಮಾತಾಡ್ತೀಯಲ್ಲ, ಹಾಗೆ ಸಬಿಹಾ ಹತ್ರ ಮಾತಾಡು."

ನಾನು ಕೈಯಲ್ಲಿದ್ದ ಖಾಲಿ ಬಟ್ಟಲನ್ನೇ ತುಟಿಗೆ ಹಿಡಿದೆ.

"ಗೊತ್ತಿಲ್ಲ ಅನ್ಕೊಂಡ್ಯಾ? ಏಪೆಕ್ಸಲ್ಲಿ ನಮ್ಮನೇಲಿ ಪಾಟ್‌ಲಕ್ ಆದಾಗ ಮೇಲೆ ಮೆಟ್ಟಿಲಲ್ಲಿ ಕೂತು ಎಷ್ಟು ಸಲ ಕೇಳಿದೀನಿ. ಚೆನ್ನಾಗಿ ಮಾಡ್ತೀಯ. ಸ್ವಲ್ಪ ಮೂಗಲ್ಲಿ ಬರುತ್ತೆ, ಅದೊಂದು ತಿದ್ಕೋ. ನಾನು ಕೇಳಿದ್ರೆ ಅವಳು ಅಳ್ತಾಳೆ. ಅವಳು ಅತ್ರೆ ನಾನು ಬೇಡ ಅಂದ್ಬಿಡ್ತೀನಿ. ನೀನು ಕೇಳಿದ್ರೆ ನಗ್ತಾಳೆ. ನಗ್ತಾ ಆದ್ರೂ ಕೇಳಿಸ್ಕೊಳ್ಳಲಿ."

ಸಬಿಹಾ ಅಕ್ಕನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. "ಮರಳಲ್ಲಿ ಹಾಗಲ್ಲ ಬೇಟಾ..." ಅಂದೆ, ಮೂಗು ತಿದ್ದಿಕೊಂಡೇ. ಆ ಕಡೆಯಿಂದ ನಗು. ಮುಂದುವರಿಸಿದೆ. "ಇಲ್ಲಿ ಕಣ್ಣು ಓಡಿ ಓಡಿ ಮರಕ್ಕೆ ಹೊಡ್ಕೊಳ್ಳುತ್ತೆ. ಕಣ್ಣಿಗೆ ಸುಸ್ತಾಗೋವಷ್ಟು ದೂರ ಒಂದ್ಸಲ ನೋಡ್ಬಿಟ್ಟು ಬರ್ತೀನಿ. ಕಳಿಸ್ತೀಯಾ?" ಕೊನೆಯ ಮಾತಿಗೆ ದನಿ ನಡುಗಿತು. ಅದು ಅಭ್ಯಾಸ ಮಾಡಿದ್ದಲ್ಲ.

ನಗು ನಿಂತಿತ್ತು. ಸಬಿಹಾ ಅಕ್ಕ, "ಅಷ್ಟೊಂದು ಆಸೆ ಇದ್ಯಾ ಅಬ್ಬಾಗೆ?" ಅಂದಳು.

"ಇದೆ ಅಕ್ಕ." ಇದು ನನ್ನ ದನಿ.

"ಒಬ್ಬರನ್ನೇ ಕಳಿಸಲ್ಲ. ನಾನೂ ರಜ ಹಾಕ್ತೀನಿ ಅಂತ ಹೇಳು."

ಹೇಳಬೇಕಾಗಿರಲಿಲ್ಲ. ಅಂಕಲ್ ಆಗಲೇ ನನಗೆ ಬೆನ್ನು ತಿರುಗಿಸಿ, ಸರಿಯಾಗಿ ಮುಚ್ಚಿದ್ದ ನಲ್ಲಿಯನ್ನು ಮತ್ತೆ ಮತ್ತೆ ಬಿಗಿಮಾಡುತ್ತಿದ್ದರು.

ಕಿಟಕಿಯಾಚೆ ಟೌನ್‌ಹೌಸುಗಳ ತಲೆಯ ಮೇಲೆ ವಿಮಾನವೊಂದು ಏರುತ್ತಿತ್ತು. ಅದು ಚುಕ್ಕಿಯಾಗುವವರೆಗೂ ನೋಡಿದೆ. ನನ್ನ ಅಂಗೈ ಹುಬ್ಬಿಗೆ ಹೋಗಿದ್ದು ಆಮೇಲೆ ಗೊತ್ತಾಯಿತು. ನಾನು ಕಾಲಿಡದ ಮರಳು, ಇಷ್ಟು ವರ್ಷ ಬರೀ ಗಂಟಲಲ್ಲಿಟ್ಟುಕೊಂಡು ತಿರುಗಿದ್ದು, ಇವತ್ತು ಕೆಳಗಿಳಿದು ಎದೆಯಲ್ಲಿ ಕೂತುಬಿಟ್ಟಿತ್ತು. ಅವರು ಹೋಗುತ್ತಾರೆ, ನಾನು ಹೋಗುವಂತಿಲ್ಲ.

ಅಂಕಲ್ ಕಾಫಿ ಹಿಡಿದು ಬಂದು ನನ್ನ ಕೈಯನ್ನೇ ನೋಡುತ್ತ ನಿಂತರು. ಖಾಲಿ ಬಟ್ಟಲನ್ನು ಮುಂದೆ ಚಾಚಿದೆ. ಅಲ್ಲಾಡಿಸಲಿಲ್ಲ.