ಗಂಜಿ ಪಾತ್ರೆಯಲ್ಲಿ ಬಂದ ಬೆಲ್ಲ

ಯುದ್ಧದ ಕಾಲದಲ್ಲಿ, ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಲ್ಲೇ ಓಡುತ್ತಿದ್ದ ನೆಲಮಂಗಲದ ಬಸ್ಸಿಗೆ ನಾನು ಕಂಡಕ್ಟರ್. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮಲಗಿದವರ ಸುದ್ದಿ ತರುವುದೂ ನನ್ನ ತಲೆಗೇ ಬಂದಿತ್ತು. ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ನರ್ಸಮ್ಮ ಬಾಗಿಲಲ್ಲೇ "ಹಾಗೇ ಇದ್ದಾರೆ" ಅಂದರೆ ಅಷ್ಟೇ ಸುದ್ದಿ.

ಅರಿಶಿನಕುಂಟೆಯ ನಿಂಗಮ್ಮ ದಿನಾ ಬೆಳಿಗ್ಗೆ ಗಂಡನಿಗೆ ನನ್ನ ಕೈಲಿ ಗಂಜಿ ಕಳಿಸುತ್ತಿದ್ದಳು. ಒಂದು ಸಂಜೆ ವಾಪಸ್ ತಂದ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ಬೆಲ್ಲದ ಚೂರು.

"ಸಿಹಿ ಕಳ್ಸವ್ರೆ! ಗುಣ ಆಯ್ತು ಕಣಣ್ಣ. ನಾಳೆ ಬರಾಣ ಅಂತಿದ್ದೆ, ಕಳೆ ಕಿತ್ತು ಮುಗಿಸ್ಕಂಡು ನಾಡಿದ್ದೇ ಬತ್ತೀನಿ," ಅಂದಳು. ನನಗೂ ಒಂದು ತುಣುಕು ಕೊಟ್ಟಳು. ಖುಷಿಯಾಗಿ ತಿಂದೆ.

ಮಾರನೇ ಸಂಜೆ ಪಾತ್ರೆ ತರಲು ಹೋಗಿ ಬಾಗಿಲಿಂದಲೇ ಇಣುಕಿದರೆ ನಿಂಗಮ್ಮನ ಗಂಡನ ಮಂಚ ಖಾಲಿ. ಪಕ್ಕದ ರೋಗಿಯ ಮುದಿ ತಾಯಿ ಬಾಗಿಲಿಗೆ ಬಂದು ಕಣ್ಣೊರೆಸಿಕೊಂಡಳು.

"ಮಧ್ಯಾಹ್ನದವರೆಗೂ ಹೆಂಡ್ತಿ ಬರ್ತಾಳೆ ಅಂತ ಬಾಗಿಲೇ ನೋಡ್ತಿದ್ದ ಕಣಪ್ಪ."

"ನಿನ್ನೆ ಬೆಲ್ಲ ಕಳಿಸಿದ್ದನಲ್ಲಮ್ಮ?"

"ಅವನೆಲ್ಲಿ ಕಳಿಸ್ತಾನೆ? ಗಂಜೀನೂ ಮುಟ್ಟಿರ್ಲಿಲ್ಲ. ಬರೀ ಪಾತ್ರೆ ಕಳಿಸಬಾರದು ಅಂತ ತೊಳೆದು ನಾನೇ ಹಾಕಿದ್ದೆ."

ಯಾರನ್ನು ಬೈಯಲಿ? ನಮ್ಮ ಮನೆಯಲ್ಲೂ ಅದೇ ಪದ್ಧತಿ.

ಆಮೇಲಿಂದ ಯಾರ ಪಾತ್ರೆಯಾದರೂ ನಾನು ಬರಿದಾಗೇ ವಾಪಸ್ ಕೊಡುತ್ತೇನೆ. ರೀತಿ ಗೊತ್ತಿಲ್ಲದ ಮನುಷ್ಯ ಅಂತ ಮನೆಯವಳು ಬೈಯುತ್ತಾಳೆ. ಬೈಸಿಕೊಳ್ಳುವುದೇ ವಾಸಿ.