ಹಸಿರು ವೈರಿನ ಮೇಲಿನ ನೀಲಿ ಗೆರೆ

ಮಿಸ್ತ್ರಿಯವರ ಮುಂದಿನ ಮೇಲ್ಹಲ್ಲೊಂದರಲ್ಲಿ ಅಕ್ಕಿಕಾಳು ಕೂರುವಷ್ಟು ಕಚ್ಚು ಬಿದ್ದಿತ್ತು. ನಲವತ್ತು ವರ್ಷ ವೈರನ್ನು ಆ ಹಲ್ಲಿಗೆ ಸಿಕ್ಕಿಸಿ, ಒಂದು ಸುತ್ತು ತಿರುವಿ, ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಎಳೆದು ಉಗುಳಿ ಉಗುಳಿ ಆದ ಕಚ್ಚು. ವೈರು ಸುಲಿಯುವ ಇಕ್ಕಳ ಪೆಟ್ಟಿಗೆಯಲ್ಲೇ ಹೊಸದಾಗಿ ಬಿದ್ದಿರುತ್ತಿತ್ತು. ನಾನು ಗದರಿದರೆ, "ಎಳಿ ಎಲ್ಲಿ ಸುರು ಆಗ್ತೈತಿ ಅಂತ ಹಲ್ಲಿಗೆ ತಿಳೀತೈತ್ರಿ ಸಿಸ್ಟರ್. ಇಕ್ಕಳ ತಾಮ್ರಾನೂ ಕೂಡೇ ಕಡೀತೈತಿ" ಎನ್ನುತ್ತಿದ್ದರು. ಹಾಗೆ ಹೇಳುವಾಗಲೂ ಬಾಯಲ್ಲೊಂದು ವೈರು ಇರುತ್ತಿತ್ತು.

ಗುಡಗೇರಿಯಲ್ಲಿ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಅವರ ಅಂಗಡಿ. ಅದರ ಬಾಜು ಅವರ ತಮ್ಮನ ಪಂಕ್ಚರ್ ಅಂಗಡಿ. ಊರಿಗೆಲ್ಲ ಅವರು ಗಾಡಿಗಳ ವೈರಿಂಗ್ ಮಿಸ್ತ್ರಿ, ನನಗೂ ಅಷ್ಟೇ. ನಾನು ಸರ್ಕಾರಿ ದವಾಖಾನೆಗಳಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಸುತ್ತಲಿನ ಹಳ್ಳಿಗಳ ಅರ್ಧ ಜನರಿಗೆ ಸೂಜಿ ಚುಚ್ಚಿದ್ದೇನೆ, ಮುಕ್ಕಾಲು ಜನರಿಗೆ ಬೈದಿದ್ದೇನೆ. ಮಿಸ್ತ್ರಿಯವರು ಮಾತ್ರ ನನ್ನ ಕೈಗೆ ಸಿಕ್ಕಿರಲಿಲ್ಲ. ದವಾಖಾನೆ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವ ಮನುಷ್ಯ.

ಯಾವ ಗಾಡಿ ಬಂದರೂ ಅವರು ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಚಾಲಕನ ಸೀಟಿನಲ್ಲಿ ಕೂತು ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಕೇಳುತ್ತಿದ್ದರು: "ಯಾವಾಗಿಂದ ಹಿಂಗ ಮಾಡಾಕತ್ತೈತಿ? ಮಳ್ಯಾಗ ನಿಂತಿತ್ತೇನು? ಇದಕ್ಕ ಮೊದಲ ಯಾರು ಕೈ ಹಾಕಿದ್ರು?" ಉತ್ತರ ಪೂರ್ತಿ ಕೇಳಿದ ಮೇಲೆಯೇ ಇಳಿಯುವುದು. ರೋಗಿಯನ್ನು ಇಷ್ಟು ತಾಳ್ಮೆಯಿಂದ ವಿಚಾರಿಸಿದ ಡಾಕ್ಟರರನ್ನು ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ. ಟ್ರ್ಯಾಕ್ಟರಿನವರಿಗೆ ಸದಾ ಅವಸರ. "ಡೈರೆಕ್ಟ್ ಕೊಟ್ಟಬಿಡ್ರಿ ಮಿಸ್ತ್ರಿ" ಎನ್ನುತ್ತಿದ್ದರು. ಫ್ಯೂಸಿನ ಗೊಡವೆ ಬಿಟ್ಟು ಬ್ಯಾಟರಿಯಿಂದ ನೇರ ವೈರು ಎಳೆದುಬಿಡಿ ಎಂದು ಅರ್ಥ. ಅದೊಂದನ್ನು ಅವರು ಯಾರಿಗೂ ಮಾಡಿಕೊಟ್ಟವರಲ್ಲ. "ಫ್ಯೂಸ್ ಸುಟ್ಟೈತಿ ಅಂದ್ರ ಅದು ತನ್ನ ಕೆಲಸ ಮಾಡೈತಿ. ಅದನ್ನ ಯಾಕ ಬೈತೀರಿ? ಯಾಕ ಸುಟ್ಟಿತು ನೋಡೂಣು, ಕುಂದರ್ರಿ" ಎಂದು ಬಂದವರನ್ನು ಕಟ್ಟೆಯ ಮೇಲೆ ಕೂರಿಸುತ್ತಿದ್ದರು. ಗೊಣಗುತ್ತಲೇ ಕೂರುತ್ತಿದ್ದರು ಜನ. ಎದ್ದು ಬೇರೆ ಕಡೆ ಹೋದವರು ಕಡಿಮೆ.

ನಮ್ಮ ಮನೆಯವರು ಸರ್ಕಾರಿ ಹರಾಜಿನಲ್ಲಿ ಒಂದು ಬಿಳಿ ಅಂಬಾಸಿಡರ್ ತಂದಿದ್ದರು. ನನಗೆ ತಂದ ಸೀರೆಗಳಿಗಿಂತ ಅದಕ್ಕೆ ತಂದ ಸೀಟಿನ ಬಟ್ಟೆ ಹೆಚ್ಚು. ಅವರು ತೀರಿಕೊಂಡ ಮೇಲೆ ಕಾರು ಮೂರು ವರ್ಷ ತಗಡಿನ ಶೆಡ್ಡಿನಲ್ಲಿ ಹಾಗೇ ನಿಂತಿತು. ನಿವೃತ್ತಿಯಾದದ್ದೇ ನಾನು ಹಟ ಹಿಡಿದು ಡ್ರೈವಿಂಗ್ ಕಲಿತೆ. ಆ ಕಾರನ್ನು ನಾನೇ ನಡೆಸಿಕೊಂಡು ದುಮ್ಮವಾಡದ ನನ್ನ ತವರಿಗೆ ಒಮ್ಮೆ ಹೋಗಬೇಕು ಎಂಬ ಆಸೆ. ಇಂಜಿನ್ ಏನೋ ಎರಡು ದಿನದಲ್ಲಿ ಎದ್ದು ಕೂತಿತು. ಡ್ಯಾಶ್‌ಬೋರ್ಡಿಗೆ ಮಾತ್ರ ದೆವ್ವ ಬಡಿದಂತಾಗಿತ್ತು. ಹೆಡ್‌ಲೈಟ್ ಹಾಕಿದರೆ ಪೆಟ್ರೋಲಿನ ಮುಳ್ಳು ಏರಿ ಟ್ಯಾಂಕು ತುಂಬಿದೆ ಎನ್ನುತ್ತಿತ್ತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಮೀಟರಿನ ದೀಪಗಳೆಲ್ಲ ಮಿಟುಕಿಸುತ್ತಿದ್ದವು. ಹಾರ್ನ್ ಒತ್ತಿದರೆ ವೈಪರ್ ಒಮ್ಮೆ ಮೈಮುರಿದು ಸುಮ್ಮನಾಗುತ್ತಿತ್ತು. ಹುಬ್ಬಳ್ಳಿಯಿಂದ ಬಂದ ಹುಡುಗನೊಬ್ಬ ನೋಡಿ, ಎಲ್ಲ ಕಿತ್ತುಹಾಕಿ ಹೊಸ ವೈರಿಂಗ್ ಎಳೆಯಬೇಕು ಎಂದ. ನನಗೆ ಮನಸ್ಸಾಗಲಿಲ್ಲ. ಮಿಸ್ತ್ರಿಯವರನ್ನು ಕರೆದೆ.

ಅವರು ಬಂದು ಸೀಟಿನಲ್ಲಿ ಕೂತು, ಕಾರಿನ ಕತೆ ಕೇಳುತ್ತ ಕೇಳುತ್ತ ನಮ್ಮ ಮನೆಯವರ ಕತೆಯನ್ನೂ ಕೇಳಿಬಿಟ್ಟರು. ನಮ್ಮವರು ತೀರಿಕೊಂಡ ಮೇಲೆ ಅಷ್ಟು ದೀರ್ಘವಾಗಿ ಅವರ ವಿಷಯ ನನ್ನನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಡ್ಯಾಶ್‌ಬೋರ್ಡಿನ ಹಲಗೆ ಬಿಚ್ಚಿ ಕೆಳಗೆ ಬೆನ್ನುಕೊಟ್ಟು ಮಲಗಿದರು. ಎರಡು ವೈರು ಬೆಸೆದ ಸಣ್ಣ ಬಲ್ಬು ಅವರ ಪರೀಕ್ಷೆಯ ಆಯುಧ. ಒಂದು ತುದಿಯನ್ನು ಕಾರಿನ ಮೈಗೆ, ಇನ್ನೊಂದನ್ನು ವೈರಿಗೆ ಹಿಡಿದರೆ ಕರೆಂಟು ಇದ್ದಲ್ಲಿ ಅದು ಹೊತ್ತುತ್ತಿತ್ತು. ಇಲಿ ಕಡಿದ ವೈರುಗಳ ತುದಿಗಳು ಅವರ ಮುಖದ ಮೇಲೆ ಜೋತಾಡುತ್ತಿದ್ದವು.

"ಸಿಸ್ಟರ್, ಇದರ ಮ್ಯಾಲಿನ ಗೆರಿ ಯಾವ ಬಣ್ಣದ್ದು ನೋಡ್ರಿ. ಧೂಳ ಕುಂತೈತಿ" ಎಂದರು.

ಆ ಕಾರಿನಲ್ಲಿ ಮುಳ್ಳುಗಳಿಗೆ ಹೋಗುವ ಹಸಿರು ವೈರುಗಳು ಎರಡಿವೆ. ಒಂದರ ಮೇಲೆ ಉದ್ದಕ್ಕೂ ಕರಿ ಗೆರೆ, ಅದು ಪೆಟ್ರೋಲಿನ ಮುಳ್ಳಿಗೆ. ಇನ್ನೊಂದರ ಮೇಲೆ ನೀಲಿ ಗೆರೆ, ಅದು ಇಂಜಿನ್ನಿನ ಬಿಸಿ ತೋರಿಸುವ ಮುಳ್ಳಿಗೆ. ನಾನು ನೋಡಿ ಹೇಳಿದೆ. ಮರುದಿನ ಅವರು ಬರುವ ಮೊದಲೇ ಎಲ್ಲ ವೈರುಗಳನ್ನೂ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಫಳಫಳ ಮಾಡಿಟ್ಟೆ. ಆದರೂ ಗೆರೆಯ ಬಣ್ಣ ಕೇಳಿದರು. ಆಗಲೂ ನನಗೆ ಹೊಳೆಯಲಿಲ್ಲ. ಮೂರನೆಯ ದಿನ ನಾನು ಒಳಗೆ ಚಹಾ ಮಾಡಲು ಹೋದಾಗ ಅವರೊಬ್ಬರೇ ಎರಡೂ ವೈರು ಜೋಡಿಸಿ ಕೀಲಿ ತಿರುವಿದರು. ಪೆಟ್ರೋಲಿನ ಮುಳ್ಳು ಅಲುಗಲಿಲ್ಲ. ಇಂಜಿನ್ ಇನ್ನೂ ತಣ್ಣಗಿರುವಾಗಲೇ ಬಿಸಿಯ ಮುಳ್ಳು ಅರ್ಧಕ್ಕೆ ಹೋಗಿ ನಿಂತಿತು. ನಾನು ಚಹಾ ಹಿಡಿದು ಬಂದವಳು ಬಗ್ಗಿ ನೋಡಿ, "ಅದಲಾ ಬದಲಾ ಆಗ್ಯಾವಲ್ರಿ ಮಿಸ್ತ್ರಿ" ಎಂದೆ.

ಅವರು ಎರಡೂ ವೈರು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, ಮುಖದ ಹತ್ತಿರ ತಂದು, ಬೆಳಕಿಗೆ ಹಿಡಿದು, ದೂರ ಮಾಡಿ ನೋಡಿದರು. ಇಪ್ಪತ್ತಾರು ವರ್ಷ ರೋಗಿಗಳ ನಡುವೆ ಇದ್ದವಳಿಗೆ ಆಗ ತಿಳಿಯಿತು.

"ಎಷ್ಟು ದಿನ ಆತು?" ಎಂದೆ.

"ಎರಡ ವರ್ಷ ಆಗಿರಬೇಕ್ರಿ." ಅವರು ನನ್ನ ಕಡೆ ನೋಡಲಿಲ್ಲ. "ಹಸರು, ನೀಲಿ, ಕಪ್ಪು ಮೂರೂ ಬೂದಿ ಬಣ್ಣ ಆಗ್ಯಾವು. ಎಡಗಣ್ಣಿಗೆ ಪರದಾ ಬಿಟ್ಟಂಗ ಆಗೈತಿ. ಸಕ್ಕರಿ ಐತಲ್ರಿ ಮೈಯಾಗ."

"ಮತ್ತ ಅಂಗಡಿ ಹೆಂಗ ನಡಸಾಕತ್ತೀರಿ?"

"ಟ್ರ್ಯಾಕ್ಟರಿಂದು ಕೈಗೆ ಪಾಠ ಆಗೈತ್ರಿ. ಕಣ್ಣು ಮುಚ್ಚಿನೂ ಮಾಡ್ತೇನಿ. ಇಂಥಾ ಹಳೇ ಕಾರು ಬಂದ್ರ ಅಷ್ಟ ಸಿಗಬೀಳೂದು. ಇದನ್ನ ಮಾಡಾಂವ ಈ ಕಡೆ ನಾ ಒಬ್ಬನ ಉಳದೇನಿ ಅಂತಾರ. ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ."

ನಾನು ನನ್ನ ದವಾಖಾನೆಯ ದನಿ ತೆಗೆದೆ. ನಾಳೆಯೇ ಹುಬ್ಬಳ್ಳಿಗೆ ಹೋಗೋಣ, ಸಕ್ಕರೆ ಕಾಯಿಲೆಯ ಕಣ್ಣು ತಡ ಮಾಡಿದಷ್ಟೂ ಕೈಬಿಡುತ್ತದೆ ಎಂದೆಲ್ಲ ಹೆದರಿಸಿದೆ. ಅವರು ಪೂರ್ತಿ ಕೇಳಿ, "ಕಣ್ಣಿಗೆ ಪಟ್ಟಿ ಕಟಗೊಂಡು ಬಂದ್ರ ಸಂತಿ ಮಂದೆಲ್ಲಾ ನೋಡ್ತಾರ್ರಿ. ಆಮ್ಯಾಲೆ ನನ್ನ ಕೈಯಾಗ ಗಾಡಿ ಯಾರು ಕೊಡ್ತಾರ? ಸುಗ್ಗಿ ಒಂದು ಮುಗೀಲಿ, ನಾನ ಬರ್ತೇನಿ. ಅಲ್ಲೀಮಟಾ ಯಾರಿಗೂ ಹೇಳಬ್ಯಾಡ್ರಿ ಸಿಸ್ಟರ್. ನಮ್ಮ ಮನಿಯಾಕಿ ಒಬ್ಬಾಕಿ ಬಿಟ್ರ ಯಾರಿಗೂ ಗೊತ್ತಿಲ್ಲ" ಎಂದರು. ಸುಗ್ಗಿಗೆ ಇನ್ನೂ ಮೂರು ತಿಂಗಳಿತ್ತು.

"ಹೇಳೂದಿಲ್ಲ" ಎಂದೆ. ಅವರು ನನ್ನ ಕಡೆ ನೋಡಿ ತಲೆಯಾಡಿಸಿದರು. ಆಣೆ ಭಾಷೆ ಏನೂ ಕೇಳಲಿಲ್ಲ.

ಮುಂದಿನ ನಾಲ್ಕು ದಿನ ನಾವಿಬ್ಬರೂ ಕೂಡಿ ಕೆಲಸ ಮಾಡಿದೆವು. ನಾನು ಬಣ್ಣ ಓದುವುದು, ಅವರು ಜೋಡಿಸುವುದು. ಕಂದು, ಬಿಳಿ, ಹಸಿರಿನ ಮೇಲೆ ಕೆಂಪು ಗೆರೆ. ನನಗೂ ರೂಢಿಯಾಗಿ, ಅವರು ಕೈಚಾಚುವ ಮೊದಲೇ ಬೇಕಾದ ವೈರು ಕೊಡುತ್ತಿದ್ದೆ. ಕೊನೆಗೆ ಸಿಕ್ಕ ದೋಷ ಎಷ್ಟು ಸಣ್ಣದು ಎಂದರೆ ನನಗೆ ಸಿಟ್ಟೇ ಬಂತು. ಡ್ಯಾಶ್‌ಬೋರ್ಡಿನ ಎಲ್ಲ ದೀಪ, ಮುಳ್ಳುಗಳ ಕರೆಂಟು ಬ್ಯಾಟರಿಗೆ ವಾಪಸ್ಸಾಗಲು ಒಂದೇ ಒಂದು ಕರಿ ವೈರು ಕಾರಿನ ಮೈಗೆ ತಿರುಪಿನಿಂದ ಕೂತಿತ್ತು. ಆ ತಿರುಪಿನಡಿ ತುಕ್ಕು. ದಾರಿ ಸಿಗದ ಕರೆಂಟು ಸಿಕ್ಕ ಸಿಕ್ಕ ದೀಪದೊಳಗೆ ನುಗ್ಗಿ ಹೊರಬರುತ್ತಿತ್ತು. ಅವರು ಬೆರಳಿನಿಂದ ಸವರಿ ಸವರಿಯೇ ಅದನ್ನು ಹಿಡಿದರು. ಉಪ್ಪುಕಾಗದದಿಂದ ಉಜ್ಜಿ ತಿರುಪು ಬಿಗಿದು ಕೀಲಿ ತಿರುವಿದಾಗ ಪ್ರತಿ ಮುಳ್ಳೂ ತನ್ನ ತನ್ನ ಜಾಗಕ್ಕೆ ಹೋಗಿ ನಿಂತಿತು. "ಒಂದೂ ಬಲ್ಬು ಕೆಟ್ಟಿದ್ದಿಲ್ಲ ನೋಡ್ರಿ. ಸುಮ್ಮನ ಅವನ್ನ ಬೈದ್ವಿ" ಎಂದು ನಕ್ಕರು. ನಮ್ಮ ಮನೆಯವರು ಇರಬೇಕಿತ್ತು ಎನಿಸಿ ಅತ್ತುಬಿಟ್ಟೆ. ಮಿಸ್ತ್ರಿಯವರು ಇಳಿದು ಹೋಗಿ ಆಚೆ ನಿಂತು ಕೈ ಒರೆಸಿಕೊಳ್ಳುತ್ತಿದ್ದರು.

ಎರಡು ವಾರ ನಾನು ಮಾತು ಉಳಿಸಿಕೊಂಡೆ. ಒಂದು ಸಂಜೆ ಸ್ಟೇಷನ್ ರಸ್ತೆಯಲ್ಲಿ ಅವರು ಎದುರಿನಿಂದ ಬಂದ ಬೈಕನ್ನು ಕಾಣದೆ ಅದಕ್ಕೇ ಅಡ್ಡ ನಡೆದದ್ದನ್ನು ಕಣ್ಣಾರೆ ಕಂಡೆ. ಕೂದಲೆಳೆಯಲ್ಲಿ ಉಳಿದರು. ಮೂರು ತಿಂಗಳು ಕಾದರೆ ಕಣ್ಣೂ ಇಲ್ಲ, ಮನುಷ್ಯನೂ ಇಲ್ಲ ಎನಿಸಿತು. ಕಾಳು ಒಕ್ಕುವ ರಾಶಿ ಮಷಿನ್ ಇಟ್ಟಿದ್ದ ಗೌಡರು ಮಿಸ್ತ್ರಿಯವರಿಗೆ ಬಹಳ ಬೇಕಾದವರು, ಅವರ ಮಾತನ್ನು ತೆಗೆದುಹಾಕುವುದಿಲ್ಲ ಎಂದು ಯೋಚಿಸಿ ಅವರೊಬ್ಬರಿಗೇ ಹೇಳಿದೆ. "ಹೆಂಗಾರ ಮಾಡಿ ಹುಬ್ಬಳ್ಳಿಗೆ ಕರಕೊಂಡ ಹೋಗ್ರಿ ಗೌಡ್ರ, ನನ್ನ ಹೆಸರ ಬರೂದ ಬ್ಯಾಡ" ಎಂದೆ. ಆ ಕೊನೆಯ ಮಾತು ಯಾಕೆ ಹೇಳಿದೆನೋ, ಅದರಲ್ಲೇ ನನ್ನ ತಪ್ಪೆಲ್ಲ ಇದೆ.

ಗೌಡರು ಒಳ್ಳೆಯವರು. ಒಬ್ಬರೇ ಹೇಳಿದರೆ ಮಿಸ್ತ್ರಿ ಕೇಳಲಿಕ್ಕಿಲ್ಲ ಎಂದು ಚಹಾದಂಗಡಿಯಲ್ಲಿ ಇನ್ನಿಬ್ಬರಿಗೆ ಹೇಳಿದರು. ಅವರೂ ಒಳ್ಳೆಯವರೇ. ಸಂತೆಯ ದಿನದ ಹೊತ್ತಿಗೆ ಊರಿಗೆ ಊರೇ ಮರುಗುತ್ತಿತ್ತು. ನಾಲ್ಕು ಜನ ಸೇರಿ ಅವರನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಎಡಗಣ್ಣು ಮುಗಿದಿದೆ, ಬಲಗಣ್ಣನ್ನು ಇದ್ದಷ್ಟಾದರೂ ಉಳಿಸಬಹುದು ಎಂದರು ಅಲ್ಲಿನ ಡಾಕ್ಟರು. ಉಳಿಯಿತು ಕೂಡ. ಅಷ್ಟರ ಮಟ್ಟಿಗೆ ನಾನು ಮಾಡಿದ್ದು ಸರಿ. ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಆದರೆ ಗಾಡಿಗಳು ಬರುವುದು ನಿಂತಿತು. ನಮ್ಮ ಜನ ಯಾರೂ ಅವರಿಗೆ ಒಂದು ಮಾತು ಅನ್ನಲಿಲ್ಲ. ಹೋಗುತ್ತ ಬರುತ್ತ ನಿಂತು ನಮಸ್ಕಾರ ಮಾಡಿದರು, ಕಟ್ಟೆಯ ಮೇಲೆ ಕೂತು ಮಾತಾಡಿಸಿದರು, ಬುತ್ತಿ ಕಳಿಸಿದರು. ಟ್ರ್ಯಾಕ್ಟರುಗಳನ್ನು ಮಾತ್ರ ಅವರ ಅಂಗಡಿಯ ಮುಂದೆ ಹಾಯಿಸದೆ ಹಿಂದಿನ ದಾರಿಯಿಂದ ಕುಂದಗೋಳಕ್ಕೆ ಒಯ್ದರು. "ಪಾಪ, ಮಿಸ್ತ್ರಿಗೆ ತ್ರಾಸ ಕೊಡೂದು ಬ್ಯಾಡ" ಎನ್ನುವುದು ಎಲ್ಲರ ಮಾತು. ಬೈದು ಜಗಳಾಡಿದ್ದರೆ ಅವರು ತಿರುಗಿ ಜಗಳಾಡುತ್ತಿದ್ದರು. ಮರುಕದ ಎದುರು ಏನು ಮಾಡಬೇಕೋ ಅವರಿಗೆ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಹೋದಾಗ ಅಂಗಡಿಯಲ್ಲಿ ಒಬ್ಬರೇ ಕೂತು ಆ ಪರೀಕ್ಷೆಯ ಬಲ್ಬಿನ ವೈರನ್ನು ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. "ಊರಾಗಿನ ಗಾಡಿಗೋಳೆಲ್ಲಾ ಒಮ್ಮೆಲೇ ನೆಟ್ಟಗ ಆದವೇನ್ರಿ ಸಿಸ್ಟರ್?" ಎಂದು ಕೇಳಿದರು. ವೈರು ಇನ್ನೊಮ್ಮೆ ಸುತ್ತಿ, "ಯಾರ ಹೇಳಿರಬೇಕ್ರಿ?" ಎಂದರು. ಆ ಹೊತ್ತಿಗೆ ನಾನು ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಊರ ಮಂದಿ, ಹೆಂಗೋ ತಿಳಕೋತಾರ್ರಿ" ಎಂದು ಎದ್ದು ಬಂದೆ. ಬಾಜು ಅಂಗಡಿಯ ತಮ್ಮ ನನ್ನನ್ನು ನೋಡಿ ಟೈರಿನ ಮೇಲೆ ತಲೆ ಬಗ್ಗಿಸಿದ. ಅಣ್ಣ ತಮ್ಮ ಮಾತು ಬಿಟ್ಟಿದ್ದಾರೆ ಎಂದು ಆಮೇಲೆ ಯಾರೋ ಹೇಳಿದರು. ಅಂಗಡಿಯ ಜಾಗದ ತಂಟೆ ಇರಬೇಕು ಎಂದುಕೊಂಡೆ. ವಿಚಾರಿಸಲಿಲ್ಲ.

ಮುಂದೆ ಅವರು ಅಂಗಡಿ ತೆಗೆಯುವುದನ್ನೇ ಬಿಟ್ಟರು. ಹುಬ್ಬಳ್ಳಿಗೆ ಹೋಗಿ ಬಂದು ಎಂಟು ತಿಂಗಳಾದ ಮೇಲೆ ಒಂದು ಮುಂಜಾನೆ, ಚಹಾ ಕುಡಿದು ಗೋಡೆಗೆ ಒರಗಿದವರು ಏಳಲಿಲ್ಲ. ಕಾರಣ ಬರೆಯುವುದಾದರೆ ಹೃದಯಾಘಾತ, ಹಳೆಯ ಸಕ್ಕರೆ ಕಾಯಿಲೆ ಎಂದು ಬರೆಯಬೇಕು. ನಾನೂ ಹಾಗೆಯೇ ಬರೆಯುತ್ತಿದ್ದೆ.

ಮೂರನೆಯ ದಿನ ಅವರ ಮನೆಗೆ ಹೋದೆ. ಒಳಗೆ ಅವರ ಹೆಂಡತಿ, ಬಾಗಿಲ ಬಳಿ ಚಾಪೆಯ ಮೇಲೆ ಆ ತಮ್ಮ. ಹೆಂಡತಿ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತು ಹೇಳಿದರು: "ಯಾರ ಹೇಳಿದ್ರು, ಯಾರ ಹೇಳಿದ್ರು ಅಂತ ಕಡೀತನಾ ಅದ ಮಾತ್ರಿ. ನಾ ಒಮ್ಮೆ ಅಂದೆ, ಸಿಸ್ಟರಗೂ ಗೊತ್ತಿತ್ತಲ್ಲ ಅಂತ. ಲಗ್ನ ಆದಾಗಿಂದ ನನಗ ಜೋರ ಮಾತಾಡಿದವರಲ್ಲ, ಅವತ್ತ ಬೈದ್ರು. ಸಿಸ್ಟರ್ ಮಾತು ಕೊಟ್ಟಾರ, ಅವರ ಹೆಸರ ತಗೀಬ್ಯಾಡ ಅಂದ್ರು. ಈ ನನ್ನ ಮೈದುನಗ ಅವರ ಕಣ್ಣಿನ ಮ್ಯಾಲೆ ಅನುಮಾನ ಬಂದಿತ್ತು, ಅಂಗಡಿ ಬಿಡು ಅಂತ ಒಂದೆರಡ ಸಲ ಅಂದಿದ್ದ. ಅದಕ್ಕ ಇವನ ಹೇಳ್ಯಾನ ಅಂತ ಹಿಡದ್ರು. ಇವ ಕುರಾನ್ ಮುಟ್ಟತೇನಿ ಅಂದ್ರೂ ನಂಬಲಿಲ್ಲ."

ತಮ್ಮ ನೆಲ ನೋಡುತ್ತ ಕೂತಿದ್ದ. ಅಣ್ಣನನ್ನು ಖಬರಸ್ಥಾನಕ್ಕೆ ಒಯ್ದ ಡೋಲಿಗೆ ಹೆಗಲು ಕೊಟ್ಟವನು ಅವನೇ.

ಸುಮ್ಮನಿದ್ದುಬಿಡಬಹುದಿತ್ತು. ಗೌಡರು ನನ್ನ ಹೆಸರು ಎಲ್ಲಿಯೂ ಹೇಳಿರಲಿಲ್ಲ. ನಾನು ಆ ಹೆಣ್ಣುಮಗಳ ಕೈಯೊಳಗಿಂದ ನನ್ನ ಕೈ ಬಿಡಿಸಿಕೊಂಡು, "ಹೇಳಿದಾಕಿ ನಾನ್ರಿ. ಗೌಡ್ರ ಮುಂದ ನಾನ ಹೇಳಿದೆ" ಎಂದೆ.

ಅವರ ಅಳು ನಿಂತಿತು. ನನ್ನನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ಎದ್ದು ಅಡಿಗೆಮನೆಗೆ ಹೋದರು. ತಮ್ಮ ಬೈಯಲಿ ಎಂದು ಕಾದೆ. ಅವನು ಬೈಯಲಿಲ್ಲ.

"ಅವ ಇದ್ದಾಗ ಹೇಳಬೇಕಿತ್ರಿ ಸಿಸ್ಟರ್" ಎಂದ. "ನನಗಲ್ಲ, ಅವಗ. ಎಂಟ ತಿಂಗಳ, ಬಾಜುಕ ಕುಂತಾಗೂ, ನನ್ನ ಕೂಡ ಒಂದ ಮಾತು ಆಡಲಿಲ್ಲ."

"ಹೌದಪ್ಪಾ" ಎಂದೆ.